ಭಾವನ ಗಾಡಿಯ ಕೆಂಪು ದೀಪ

ನಾವು ಕೆಲಸಕ್ಕೆ ಸೇರಿದ ಹೊಸದರಲ್ಲಿ ಕಛೇರಿಯಲ್ಲಿ ಕಾಗದದ ಕಡತಗಳಿದ್ದುವು. ಜರೂರಿನ ಕಡತವಾದರೆ ಅದರ ನೆತ್ತಿಗೆ ಒಂದು ಕೆಂಪು ಚೀಟಿ ಸಿಕ್ಕಿಸುತ್ತಿದ್ದರು. ಮೊದಮೊದಲು ಆ ಚೀಟಿಯನ್ನು ಕಂಡರೆ ನಮ್ಮ ಎದೆ ಡವಡವ ಎನ್ನುತ್ತಿತ್ತು. ಮಧ್ಯಾಹ್ನದ ಡಬ್ಬಿಯನ್ನೂ ತೆರೆಯದೆ ಟಿಪ್ಪಣಿ ಬರೆದು ಮೇಲಿನವರ ಮೇಜಿಗೆ ದಾಟಿಸುತ್ತಿದ್ದೆವು. ಆರು ತಿಂಗಳು ಕಳೆಯುವ ಹೊತ್ತಿಗೆ, ಮೇಜಿನ ಮೇಲಿರುವ ಇಪ್ಪತ್ತು ಕಡತಗಳಲ್ಲಿ ಹದಿನೆಂಟಕ್ಕೆ ಕೆಂಪು ಚೀಟಿಯೇ ಇರುವುದು ಕಣ್ಣಿಗೆ ಬಿತ್ತು. ಆಮೇಲೆ ಚೀಟಿಯಿಲ್ಲದ ಆ ಎರಡು ಕಡತಗಳ ಮೇಲೆಯೇ ನಮಗೆ ಅನುಮಾನ ಬರತೊಡಗಿತು. ಈಗ ಕಡತಗಳೆಲ್ಲ ಗಣಕಯಂತ್ರದೊಳಗೆ ಹೋಗಿ ಕುಳಿತಿವೆ. ಚೀಟಿಯೂ ಅವುಗಳ ಜೊತೆಗೇ ಹೋಗಿದೆ. ಕೆಂಪನ್ನು ಕಂಡು ಹೆದರದೆ ಇರುವ ವಿದ್ಯೆ ಮಾತ್ರ ನಮ್ಮಲ್ಲಿ ಉಳಿಯಿತು. ಆ ವಿದ್ಯೆಯಿಂದ ನಮ್ಮ ಮನೆಗೆ ಒದಗಬಹುದಾಗಿದ್ದ ಅನಾಹುತದ ಕಥೆಯನ್ನು ಈಗ ಬರೆಯಲು ಕುಳಿತಿದ್ದೇವೆ.

‘ನಾವು’ ಎಂದರೆ ಎಷ್ಟು ಜನ ಎಂದು ಓದುಗರು ಎಣಿಸಲು ಹೋಗಬಾರದು. ಹತ್ತು ಹನ್ನೆರಡು ವರ್ಷ ಸರ್ಕಾರದ ಪತ್ರಗಳನ್ನು ಬರೆದ ಕೈಗೆ ‘ನಾನು’ ಎಂಬ ಮಾತು ಸುಲಭವಾಗಿ ಬರುವುದಿಲ್ಲ. ತಪ್ಪೊಪ್ಪಿಕೊಳ್ಳುವ ಪ್ರಸಂಗ ಬಂದಾಗಲಂತೂ ಬಹುವಚನ ಬಹಳ ಅನುಕೂಲ.

ನಮ್ಮ ಭಾವ, ಎಂದರೆ ನಮ್ಮಾಕೆಯ ಅಣ್ಣ, ತೀರ್ಥಹಳ್ಳಿಯ ಕಡೆಯವರು. ದೆಹಲಿಗೆ ಬಂದದ್ದು ಒಂದು ಕ್ಯಾಂಟೀನಿನಲ್ಲಿ ದೋಸೆ ಹುಯ್ಯಲು. ಹತ್ತು ವರ್ಷ ಕಾವಲಿಯ ಮುಂದೆ ನಿಂತು, ಆಮೇಲೆ ಮುನಿರ್ಕಾದ ಗಲ್ಲಿಯೊಂದರಲ್ಲಿ ಎರಡು ಕೋಣೆ ಹಿಡಿದು ಸ್ವಂತವಾಗಿ ಅಡುಗೆಯ ಗುತ್ತಿಗೆ ಆರಂಭಿಸಿದರು. ನಾಮಕರಣ, ಉಪನಯನ, ಸೀಮಂತ, ಸತ್ಯನಾರಾಯಣ ವ್ರತ, ರಾಜ್ಯೋತ್ಸವದ ಊಟ. ದ್ವಾರಕಾದಿಂದ ನೋಯ್ಡಾದವರೆಗೆ, ಗುರುಗ್ರಾಮದಿಂದ ಮಯೂರ್ ವಿಹಾರದವರೆಗೆ ಎಲ್ಲಿ ನಾಲ್ಕು ಕನ್ನಡದ ಮನೆಗಳು ಸೇರಿ ಎಲೆ ಹಾಕುತ್ತವೆಯೋ ಅಲ್ಲಿಗೆ ಭಾವನ ಸಾರು ಹೋಗುತ್ತದೆ. ಈ ವ್ಯಾಪಾರದಲ್ಲಿ ನಾವು ಪಾಲುದಾರರಲ್ಲ. 1964ರ ನಡವಳಿಕೆಯ ನಿಯಮಗಳ ಪ್ರಕಾರ ಕೇಂದ್ರ ಸರ್ಕಾರದ ನೌಕರ ಅನುಮತಿಯಿಲ್ಲದೆ ವ್ಯಾಪಾರ ಮಾಡುವಂತಿಲ್ಲ. ಭಾನುವಾರ ಭಾವನ ಪಿಕಪ್ ಗಾಡಿಯ ಮುಂದಿನ ಸೀಟಿನಲ್ಲಿ ಕುಳಿತು ಹೋಗಿ, ಕೋಸಂಬರಿಗೆ ಉಪ್ಪು ಸರಿಯಾಗಿದೆಯೇ ಎಂದು ಹೇಳಿ ಬರುವುದನ್ನು ಆ ನಿಯಮಗಳು ಎಲ್ಲಿಯೂ ನಿಷೇಧಿಸಿಲ್ಲ.

ಗಾಡಿ ಹುಟ್ಟಿದ್ದು 2013ರಲ್ಲಿ. ಭಾವನ ಕೈಗೆ ಬಂದದ್ದು 2023ರಲ್ಲಿ. ಕಂಪನಿಯ ಹೆಸರು ಬೇಡ. ಆದ ತಪ್ಪು ಕಂಪನಿಯದಲ್ಲ. ದೆಹಲಿಯಲ್ಲಿ ಹಳೆಯ ಗಾಡಿ ಕೊಳ್ಳುವುದೆಂದರೆ ಅರ್ಧ ಇಂಜಿನ್ ನೋಡುವುದು, ಅರ್ಧ ಜಾತಕ ನೋಡುವುದು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಆದೇಶವನ್ನು 2018ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿದ ಮೇಲೆ, ಇಲ್ಲಿ ಡೀಸೆಲ್ ಗಾಡಿಗೆ 10 ವರ್ಷ, ಪೆಟ್ರೋಲ್ ಗಾಡಿಗೆ 15 ವರ್ಷ ಎಂದು ಆಯುಸ್ಸಿನ ಲೆಕ್ಕ ಹಾಕಿಯೇ ಜನ ಬೆಲೆ ಮಾತಾಡುತ್ತಿದ್ದರು. 2025ರ ಜುಲೈ 1ರಿಂದ ವಯಸ್ಸು ಮೀರಿದ ಗಾಡಿಗಳಿಗೆ ಬಂಕುಗಳಲ್ಲಿ ಇಂಧನವನ್ನೇ ಹಾಕಕೂಡದೆಂಬ ಆಜ್ಞೆಯೂ ಬಂದು, ಕೆಲವೇ ದಿನಗಳಲ್ಲಿ ತಡೆಯಾಯಿತು. ಆಮೇಲೆ ಆ ವಿಚಾರ ಮತ್ತೆ ಕೋರ್ಟಿನ ಮೆಟ್ಟಿಲು ಹತ್ತಿ ಬೇರೆ ಬೇರೆ ತಿರುವು ಪಡೆಯಿತು. ಅದು ನಮ್ಮ ಕಥೆಗೆ ಬೇಡ. ಭಾವನದು ಪೆಟ್ರೋಲ್ ಇಂಜಿನ್ನಿಗೆ ಸಿಎನ್‌ಜಿ ಜೋಡಿಸಿದ ಗಾಡಿ. 2028ರವರೆಗೆ ಓಡೀತು ಎಂದು ಅವರ ಲೆಕ್ಕ. ಸಾಯುವ ವರ್ಷ ಮೊದಲೇ ಗೊತ್ತಿರುವ ಗಾಡಿಗೆ ಯಾರು ತಾನೆ ಕೈಬಿಚ್ಚಿ ಖರ್ಚು ಮಾಡುತ್ತಾರೆ? ಎಂಟು ವರ್ಷ ದಾಟಿದ ಸರಕು ಗಾಡಿಗೆ ವರ್ಷಕ್ಕೊಮ್ಮೆ ಫಿಟ್‌ನೆಸ್ ಪರೀಕ್ಷೆ. ಆ ವಾರ ಮಾತ್ರ ಗಾಡಿ ಹಸೆಗೇರುವ ಮದುವಣಗಿತ್ತಿಯಂತೆ ಇರುತ್ತಿತ್ತು. ಉಳಿದ ಐವತ್ತೊಂದು ವಾರ ಅದರ ಪಾಡು ಅದಕ್ಕೆ.

ಕೆಂಪು ದೀಪವನ್ನು ಮೊದಲು ಕಂಡವಳು ನಮ್ಮ ಮಗಳು. ಎಂಟು ವರ್ಷದ ಹುಡುಗಿ. ಭಾನುವಾರದ ಕನ್ನಡ ತರಗತಿಗೆ ಹೋಗುತ್ತಾಳೆ. ಆ ವಾರವಷ್ಟೇ ಲೇಖನ ಚಿಹ್ನೆಗಳ ಪಾಠ ಆಗಿತ್ತು. ಸ್ಪೀಡಿನ ಮುಳ್ಳಿನ ಪಕ್ಕದಲ್ಲಿ ಒಂದು ವೃತ್ತ, ವೃತ್ತದ ಒಳಗೆ ಆಶ್ಚರ್ಯಸೂಚಕ ಚಿಹ್ನೆ, ಆಚೆ ಈಚೆ ಎರಡು ಕಂಸ.

“ಅಪ್ಪಾ, ಇಲ್ಲಿ ಯಾರಿಗೋ ಆಶ್ಚರ್ಯ ಆಗಿದೆ. ಆದರೆ ಕಂಸದೊಳಗೆ ಯಾಕೆ ಹಾಕಿದ್ದಾರೆ? ಗುಟ್ಟಾ?”

ಆ ಕಂಸಗಳು ವ್ಯಾಕರಣದವಲ್ಲ, ಬ್ರೇಕಿನವು. ವೃತ್ತವೆಂದರೆ ಚಕ್ರದೊಡನೆ ತಿರುಗುವ ಡ್ರಮ್ಮು; ಕಂಸಗಳೆಂದರೆ ಅದನ್ನು ಹಿಡಿದು ನಿಲ್ಲಿಸುವ ಶೂಗಳು. ಅಮೆರಿಕದ ಗಾಡಿಗಳಲ್ಲಿ ‘ಬ್ರೇಕ್’ ಎಂಬ ಮಾತನ್ನೇ ಇಂಗ್ಲಿಷಿನಲ್ಲಿ ಬರೆದಿರುತ್ತಾರೆ, ನಮ್ಮಲ್ಲಿ ಚಿತ್ರ. ಇಷ್ಟು ಸೊಗಸಾದ ಚಿತ್ರಲಿಪಿಯ ಅರ್ಥ ನಮಗೆ ಆಗ ತಿಳಿದಿರಲಿಲ್ಲ. “ಅದು ಹ್ಯಾಂಡ್‌ಬ್ರೇಕಿನ ದೀಪ ಪುಟ್ಟಿ” ಎಂದು ಬಿ.ಎ. ಪದವೀಧರರ ಗಾಂಭೀರ್ಯದಿಂದ ಹೇಳಿದೆವು.

ಮೊದಲ ಸಲ ಅದು ನಿಜವೂ ಆಗಿತ್ತು. 2024ರ ಡಿಸೆಂಬರಿನ ಒಂದು ಮಂಜಿನ ಬೆಳಿಗ್ಗೆ. ಹ್ಯಾಂಡ್‌ಬ್ರೇಕನ್ನು ಪೂರ್ತಿ ಇಳಿಸಿದರೂ ದೀಪ ಆರಲಿಲ್ಲ. ಹಿಡಿಯ ಬುಡದಲ್ಲಿ ಒಂದು ಪುಟ್ಟ ಗುಂಡಿ ಇರುತ್ತದೆ. ಹಿಡಿ ಕೆಳಗಿಳಿದಾಗ ಅದು ಆ ಗುಂಡಿಯನ್ನು ಒತ್ತಿ ದೀಪದ ಸಂಪರ್ಕ ತಪ್ಪಿಸಬೇಕು. ಭಾವ ಟಾರ್ಚು ಬಿಟ್ಟು ನೋಡಿದರು. ಗುಂಡಿಯ ಸುತ್ತ ತೆಂಗಿನ ನಾರು, ಒಣಗಿದ ಒಂದು ಅಗುಳು ಅನ್ನ, ಎರಡು ಸಾಸಿವೆ. ಅಡುಗೆಯವರ ಗಾಡಿಯಲ್ಲಿ ಮತ್ತೇನಿರುತ್ತದೆ? ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದರು, ದೀಪ ಆರಿತು. ಅಲ್ಲಿಂದ ಮುಂದೆ ದೀಪ ಹತ್ತಿದಾಗಲೆಲ್ಲ ನಮಗೆ ಸಾಸಿವೆಯೇ ನೆನಪಾಗುತ್ತಿತ್ತು. ಕೆಟ್ಟದ್ದು ಇದೇ ನೋಡಿ: ಒಮ್ಮೆ ಸುಲಭದ ಕಾರಣ ಸಿಕ್ಕಿತೆಂದರೆ ಮನಸ್ಸು ಬೇರೆ ಕಾರಣ ಹುಡುಕಲು ಏಳುವುದೇ ಇಲ್ಲ.

ಎರಡನೆಯ ಸಲ, ಮಾರ್ಚ್ ತಿಂಗಳಲ್ಲಿ, ದೀಪದ ನಡವಳಿಕೆಯೇ ಬೇರೆ. ನೇರ ದಾರಿಯಲ್ಲಿ ಆರಿರುತ್ತಿತ್ತು. ತಿರುವಿನಲ್ಲಿ, ಬ್ರೇಕು ಒತ್ತಿದಾಗ, ಇಳಿಜಾರಿನಲ್ಲಿ ಕಣ್ಣು ಮಿಟುಕಿಸುತ್ತಿತ್ತು. ಹಿಡಿಯ ಬುಡ ಶುಭ್ರವಾಗಿತ್ತು. ಭಾವನಿಗೆ ಅಡುಗೆಯ ಲೆಕ್ಕ ಬರುತ್ತದೆ, ಹಿಂದಿ ಬರುತ್ತದೆ, ಇಂಗ್ಲಿಷ್ ಓದುವುದು ಅಷ್ಟಕ್ಕಷ್ಟೆ. ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಿಂದ ಗಾಡಿಯ ಪುಸ್ತಕ ತೆಗೆದು ನಮ್ಮ ಕೈಗಿತ್ತರು.

“ಭಾವ, ನೀವು ಓದಿದವರು. ಇದು ಎಂತ ಹೇಳ್ತದೆ ಸ್ವಲ್ಪ ನೋಡಿ ಮಾರಾಯ್ರೆ.”

ಕೊಬ್ಬರಿ ಎಣ್ಣೆ ಕುಡಿದು ಅಂಟಿಕೊಂಡ ಹಾಳೆಗಳನ್ನು ಬಿಡಿಸಿ ನಾವು ಓದಿದೆವು. ಆ ಪುಟದಲ್ಲಿ ಎರಡು ಮಾತಿತ್ತು. ಒಂದು: ಬಾನೆಟ್ ತೆರೆದು ಬ್ರೇಕ್ ಆಯಿಲ್ ಡಬ್ಬಿಯ ಮೇಲಿರುವ ಎರಡು ಗೆರೆಗಳನ್ನು ನೋಡಿ, ಆಯಿಲ್ ಕೆಳಗಿನ ಗೆರೆಗಿಂತ ಇಳಿದಿದ್ದರೆ ಅದೇ ದರ್ಜೆಯ ಆಯಿಲ್ ತುಂಬಿ. ಎರಡು: ಮತ್ತೆ ಇಳಿದರೆ ಎಲ್ಲೋ ಸೋರುತ್ತಿದೆ ಎಂದು ಅರ್ಥ, ಗಾಡಿಯನ್ನು ಓಡಿಸಬೇಡಿ, ಕೂಡಲೇ ತೋರಿಸಿ.

ನಾವು ಮೊದಲನೆಯ ಮಾತನ್ನು ಮಾತ್ರ ಕನ್ನಡಕ್ಕೆ ತಂದೆವು.

ಏಕೆ ಎಂದು ಕೇಳಿದರೆ ಸರಿಯಾದ ಉತ್ತರ ಇಂದಿಗೂ ಹೊಳೆಯುವುದಿಲ್ಲ. ಆ ವಾರ ಭಾವನಿಗೆ ನಾಲ್ಕು ಕಡೆ ಅಡುಗೆ ಇತ್ತು. ಬ್ಯಾಂಕಿನ ಕಂತು ಹತ್ತಿರ ಬಂದಿತ್ತು. ಗಾಡಿ ಎರಡು ದಿನ ನಿಂತರೆ ಬಾಡಿಗೆಯ ಟೆಂಪೊಗೆ ಹಣ ತೆರಬೇಕಿತ್ತು. ಅಶುಭವಾರ್ತೆ ತಿಳಿಸುವ ಕೆಲಸ ನಮಗೆ ಮೊದಲಿನಿಂದಲೂ ಒಗ್ಗದು. “ಮುಂದಿನ ಹಂತದಲ್ಲಿ ಪರಿಶೀಲಿಸಬಹುದು” ಎಂದು ಮನಸ್ಸಿನಲ್ಲೇ ಟಿಪ್ಪಣಿ ಬರೆದು ಪುಸ್ತಕ ಮಡಚಿದೆವು. ಭಾವ ಡಬ್ಬಿಯ ಮುಚ್ಚಳ ತೆಗೆದು ಆಯಿಲ್ ಸುರಿದರು, ದೀಪ ಆರಿತು. ಕಡತ ವಿಲೇವಾರಿಯಾಯಿತೆಂದು ನಾವು ಹಿಗ್ಗಿದೆವು.

ಮುಂದಿನ ಮೂರು ವಾರಗಳಲ್ಲಿ ಇನ್ನೂ ಎರಡು ಸಲ ಸುರಿದರಂತೆ. ಯಾವಾಗಲೋ ಮಾತಿನ ನಡುವೆ ಹೇಳಿದರು: “ಈ ಗಾಡಿಗೆ ದಿನಾ ದೀಪಾವಳಿ ಭಾವ, ಎಣ್ಣೆಶಾಸ್ತ್ರ ಮುಗಿಯೋದೇ ಇಲ್ಲ.” ನಾವು ನಕ್ಕೆವು. ಈಗ ಬರೆಯುವಾಗ ಆ ನಗು ಕೈಗೆ ಅಡ್ಡ ಬರುತ್ತಿದೆ.

2025ರ ಏಪ್ರಿಲ್ 6, ಭಾನುವಾರ, ರಾಮನವಮಿ. ದ್ವಾರಕಾದಲ್ಲಿ ಕನ್ನಡದವರ ಪೂಜೆ, ಊಟ. ಅಡುಗೆಯ ಹುಡುಗರು ಬೆಳಿಗ್ಗೆಯೇ ಮೆಟ್ರೋದಲ್ಲಿ ಹೋಗಿದ್ದರು. ಗಾಡಿಯ ಹಿಂದೆ ಹಾಲಿನ ಕ್ಯಾನುಗಳು ನಾಲ್ಕು, ಒಂದೊಂದೂ 40 ಲೀಟರಿನವು. ಎರಡರಲ್ಲಿ ಬೆಲ್ಲದ ಪಾನಕ, ಎರಡರಲ್ಲಿ ನೀರುಮಜ್ಜಿಗೆ. ಹೆಸರುಬೇಳೆ ಕೋಸಂಬರಿಯ ತೊಟ್ಟಿಗಳು, ಚಿತ್ರಾನ್ನದ ಕೊಪ್ಪರಿಗೆ, ಸಾರು, ಪಾಯಸ, ಬಾಳೆಲೆಯ ಕಟ್ಟು. ಮುಂದೆ ಭಾವ, ಬಾಗಿಲ ಕಡೆ ನಾವು, ನಡುವೆ ಮಗಳು. ನಮ್ಮಾಕೆಯೂ ಅತ್ತಿಗೆಯೂ ರಂಗೋಲಿ ಹಾಕಬೇಕೆಂದು ಮುಂಚೆಯೇ ಹೋಗಿದ್ದರು.

ಮುನಿರ್ಕಾದ ಗಲ್ಲಿ ದಾಟಿ ಮೊದಲ ತಿರುವಿನಲ್ಲೇ ದೀಪ ಹತ್ತಿತು. ಈ ಸಲ ನೇರ ದಾರಿಗೆ ಬಂದ ಮೇಲೂ ಆರಲಿಲ್ಲ.

“ಅಪ್ಪಾ, ಆಶ್ಚರ್ಯ ಹೋಗಲೇ ಇಲ್ಲ.”

“ಸುಮ್ಮನಿರು ಪುಟ್ಟಿ” ಎಂದೆವು.

“ಅಲ್ಲಿ ಹೋಗಿ ಇಳಿಸಿದ ಮೇಲೆ ಆಯಿಲ್ ಹಾಕಿದರಾಯ್ತು” ಎಂದರು ಭಾವ.

ರಾವ್ ತುಲಾರಾಮ್ ಮಾರ್ಗದ ಹೊಸ ಮೇಲ್ಸೇತುವೆ, ವಿಮಾನ ನಿಲ್ದಾಣದ ಕಡೆಗೆ ಹೋಗುವುದು, 2019ರಲ್ಲಿ ತೆರೆದದ್ದು. ನಮ್ಮ ಸಂಘದ ಕಟ್ಟಡಕ್ಕೆ ಹೋಗಿಬರುವವರಿಗೆ ಆ ರಸ್ತೆಯ ಹೆಸರು ಮನೆಯ ಹೆಸರಿನಷ್ಟೇ ಪರಿಚಿತ. ಭಾನುವಾರದ ಬೆಳಿಗ್ಗೆಯಾದ್ದರಿಂದ ಸೇತುವೆಯ ಮೇಲೆ ಗಾಡಿಗಳು ಕಡಿಮೆ. ಭಾವ ಸರಾಗವಾಗಿ ಏರಿ, ಸರಾಗವಾಗಿ ಇಳಿಯತೊಡಗಿದರು. ಇಳಿಜಾರು ಮುಗಿದ ಕಡೆ ಒಂದು ಬಸ್ಸು ನಿಂತಿತ್ತು. ಭಾವ ಬ್ರೇಕಿನ ಮೇಲೆ ಕಾಲಿಟ್ಟರು.

“ಭಾವ,” ಎಂದರು, ಮೆಲ್ಲನೆ, ಮಗುವಿಗೆ ಕೇಳಬಾರದೆಂಬಂತೆ, “ಕಾಲಿಗೆ ಎಂತದೂ ಸಿಗ್ತಾ ಇಲ್ಲ.”

ಪೆಡಲು ಕೆಳಗಿನ ತಗಡಿಗೆ ತಾಗುವಷ್ಟು ಇಳಿದುಹೋಗಿತ್ತು. ಗಾಡಿ ಸ್ವಲ್ಪ ಹಿಡಿಯಿತು, ನಿಲ್ಲಲಿಲ್ಲ. ಹಿಂದಿನ ಭಾರ ಮುಂದಕ್ಕೆ ನೂಕುತ್ತಿತ್ತು. ಭಾವ ಪೆಡಲನ್ನು ಟಪಟಪನೆ ತುಳಿದರು. ಮೂರನೆಯ ಗೇರಿನಿಂದ ಎರಡಕ್ಕೆ ಎಳೆದರು, ಇಂಜಿನ್ ಅರಚಿತು. ಎಡಗೈಯಿಂದ ಹ್ಯಾಂಡ್‌ಬ್ರೇಕಿನ ಗುಂಡಿಯನ್ನು ಒತ್ತಿ ಹಿಡಿದುಕೊಂಡೇ ಹಿಡಿಯನ್ನು ಮೆಲ್ಲಮೆಲ್ಲನೆ ಎತ್ತಿದರು. ಒಮ್ಮೆಗೇ ಎಳೆದಿದ್ದರೆ ಹಿಂದಿನ ಚಕ್ರ ಕಚ್ಚಿಕೊಂಡು ಗಾಡಿ ಅಡ್ಡ ತಿರುಗುತ್ತಿತ್ತು ಎಂದು ಆಮೇಲೆ ತಿಳಿಯಿತು. ನಾವು ಮಾಡಿದ್ದು ಒಂದೇ: ಬಲಗೈಯನ್ನು ಮಗಳ ಎದೆಗೆ ಅಡ್ಡವಾಗಿ ಚಾಚಿದ್ದು. ಬಿ.ಎ.ಯಲ್ಲಿ ನಾವು ಓದಿದ ಇತಿಹಾಸ, ಅರ್ಥಶಾಸ್ತ್ರಗಳಲ್ಲಿ ಆ ಗಳಿಗೆಗೆ ಬೇಕಾದದ್ದು ಬೇರೆ ಯಾವುದೂ ಇರಲಿಲ್ಲ.

ಗಾಡಿ ನಿಂತಿತು. ಬಸ್ಸಿನ ಬೆನ್ನಿಗೂ ನಮ್ಮ ಬಾನೆಟ್ಟಿಗೂ ನಡುವೆ ಒಬ್ಬ ಮನುಷ್ಯ ಪಕ್ಕವಾಗಿ ಮಾತ್ರ ನುಸುಳಬಹುದಾಗಿತ್ತು. ಬಸ್ಸಿನವನಿಗೆ ಏನೂ ತಿಳಿಯಲಿಲ್ಲ. ಹೊಗೆ ಬಿಟ್ಟು ಹೊರಟುಹೋದ. ಮಗಳ ತುಟಿ ನಮ್ಮ ಕೈಗಡಿಯಾರಕ್ಕೆ ತಗುಲಿ ಒಂದು ಹನಿ ರಕ್ತ ಬಂದಿತ್ತು. ಅವಳು ಅಳಲಿಲ್ಲ. ಇನ್ನೂ ಉರಿಯುತ್ತಿದ್ದ ಆ ದೀಪವನ್ನೇ ನೋಡುತ್ತಿದ್ದಳು.

ಹಿಂದಿನಿಂದ ಒಬ್ಬ ಆಟೋದವನು “ತೇಲ್ ಗಿರ್ ರಹಾ ಹೈ” ಎಂದು ಕೂಗುತ್ತ ಬಂದ. ಇಳಿದು ನೋಡಿದರೆ ಗಾಡಿಯ ಹಿಂಬದಿಯಿಂದ ಕಂದು ಬಣ್ಣದ ಧಾರೆ ರಸ್ತೆಯುದ್ದಕ್ಕೂ ಹರಿದಿದೆ. ಭಾವ ಬೆರಳದ್ದಿ ನಾಲಗೆಗೆ ಇಟ್ಟುಕೊಂಡರು. ಏಲಕ್ಕಿ, ಶುಂಠಿ, ಬೆಲ್ಲ. ಒಂದು ಕ್ಯಾನಿನ ಮುಚ್ಚಳ ಹಾರಿ ಪಾನಕವೆಲ್ಲ ರಾಮಾರ್ಪಣವಾಗಿತ್ತು. ನಿಜವಾದ ಸೋರಿಕೆ ಕಂಡದ್ದು ಆಮೇಲೆ: ಎಡಗಡೆಯ ಹಿಂದಿನ ಚಕ್ರದ ಒಳಮೈ ಪೂರ್ತಿ ಒದ್ದೆ, ಟಯರಿನ ಗೋಡೆಯ ಮೇಲೆ ಮಸಿ ಕಲಸಿದ ಜಿಡ್ಡು. ಅದನ್ನು ಯಾರೂ ರುಚಿ ನೋಡಲಿಲ್ಲ, ವಿಷ.

ಆಟೋದವರು ಇಬ್ಬರು, ಬೈಕಿನ ಹುಡುಗನೊಬ್ಬ ಸೇರಿ ಗಾಡಿಯನ್ನು ಪಕ್ಕಕ್ಕೆ ನೂಕಿಕೊಟ್ಟರು. ಉಳಿದ ಕ್ಯಾನಿನಿಂದ ಭಾವ ಸ್ಟೀಲಿನ ಲೋಟಗಳಲ್ಲಿ ಅವರಿಗೆ ಪಾನಕ ಕೊಟ್ಟರು. ಇದಾವ ಶರಬತ್ತು ಎಂದು ಕೇಳಿದರು. “ರಾಮ್‌ಜೀ ಕಾ” ಎಂದರು ಭಾವ. ಲೋಟ ಹಿಡಿದ ಅವರ ಕೈ ನಡುಗುತ್ತಿರುವುದನ್ನು ನಾವು ಆಗ ನೋಡಿದೆವು. ಬಾಡಿಗೆಯ ಟೆಂಪೊ ಹಿಡಿದು ದ್ವಾರಕಾ ತಲುಪುವಾಗ ಮುಕ್ಕಾಲು ಗಂಟೆ ತಡವಾಗಿತ್ತು. ಎಲೆಯ ಮುಂದೆ ಕುಳಿತ ಹಿರಿಯರೊಬ್ಬರು, “ಈ ಸಲ ಪಾನಕ ಕಡಿಮೆ ಮಾಡಿಸಿದಿರೇನ್ರೀ?” ಎಂದು ಆಕ್ಷೇಪಿಸಿದರು.

ಮುನಿರ್ಕಾದ ಮಿಸ್ತ್ರಿ ಗಾಡಿಯನ್ನು ಓಡಿಸಿಕೊಂಡು ಬರಲು ಒಪ್ಪಲಿಲ್ಲ, ಕ್ರೇನಿನಲ್ಲಿ ಎಳೆಸಿ ತರಿಸಿದ. ಚಕ್ರ ಬಿಚ್ಚಿ ಡ್ರಮ್ಮು ತೆಗೆದು ನಮ್ಮನ್ನು ಹತ್ತಿರ ಕರೆದ. ಅವನು ಹಿಂದಿಯಲ್ಲಿ ಹೇಳಿದ್ದನ್ನು ಇಲ್ಲಿ ಪೂರ್ತಿಯಾಗಿ ಕೊಡುತ್ತೇವೆ; ಅರ್ಧ ಅನುವಾದದ ಫಲ ಒಮ್ಮೆ ಉಂಡಾಗಿದೆ.

ಕಾಲಿನಿಂದ ಪೆಡಲು ಒತ್ತಿದಾಗ ಮಾಸ್ಟರ್ ಸಿಲಿಂಡರಿನಲ್ಲಿ ಆಯಿಲ್ ಮೇಲೆ ಒತ್ತಡ ಬೀಳುತ್ತದೆ. ದ್ರವವನ್ನು ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹೋಗುತ್ತದೆಂದು 17ನೆಯ ಶತಮಾನದ ಪಾಸ್ಕಲ್ ಹೇಳಿದ್ದನ್ನು ನಾವೆಲ್ಲ ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದೇವಷ್ಟೆ. ಮಿಸ್ತ್ರಿಗೆ ಪಾಸ್ಕಲನ ಹೆಸರು ಗೊತ್ತಿಲ್ಲ, ಕೆಲಸ ಗೊತ್ತು. ಚಕ್ರದ ಬಳಿ ಇರುವ ಬೆರಳು ಗಾತ್ರದ ವೀಲ್ ಸಿಲಿಂಡರು ಆ ಒತ್ತಡದಿಂದ ಅಗಲಿ ಶೂಗಳನ್ನು ಡ್ರಮ್ಮಿಗೆ ಒತ್ತುತ್ತದೆ. ನಮ್ಮ ಗಾಡಿಯಲ್ಲಿ ಅದರೊಳಗಿನ ರಬ್ಬರು ಸವೆದು ಆಯಿಲ್ ಹೊರಕ್ಕೆ ಬರುತ್ತಿತ್ತು. ಶೂಗೆ ಅಂಟಿಸಿದ ಲೈನಿಂಗ್ (ದೆಹಲಿಯ ಮಿಸ್ತ್ರಿಗಳು ಅದನ್ನು ಇಂದಿಗೂ ‘ಲೆದರ್’ ಎನ್ನುತ್ತಾರೆ) ಆಯಿಲ್ ಕುಡಿದು ಎಣ್ಣೆಯ ಹಪ್ಪಳದಂತಾಗಿತ್ತು. ಹ್ಯಾಂಡ್‌ಬ್ರೇಕಿನ ತಂತಿ ಎಳೆಯುವುದೂ ಅದೇ ಶೂಗಳನ್ನೇ; ಅದಕ್ಕೇ ಅದೂ ಅರ್ಧಂಬರ್ಧ ಹಿಡಿದದ್ದು.

“ಹಾಗಾದರೆ ನಾವು ಉಳಿದದ್ದು ಹೇಗೆ?” ಎಂದು ಕೇಳಿದೆವು.

ಮಾಸ್ಟರ್ ಸಿಲಿಂಡರು ಒಂದೇ ಕೊಳವೆಯಾದರೂ ಒಳಗೆ ಎರಡು ಮನೆ. ಈ ಗಾಡಿಯಲ್ಲಿ ಒಂದು ಮನೆ ಮುಂದಿನ ಚಕ್ರಗಳಿಗೆ, ಇನ್ನೊಂದು ಹಿಂದಿನವಕ್ಕೆ. ಒಂದು ಬರಿದಾದರೂ ಇನ್ನೊಂದು ಉಳಿಯುತ್ತದೆ. ಪೆಡಲು ತಳ ಕಾಣುವಷ್ಟು ಇಳಿದ ಮೇಲೆ ಮುಂದಿನ ಎರಡು ಚಕ್ರಗಳಾದರೂ ಹಿಡಿಯುತ್ತವೆ. ಸಮಪಾಲು ಮಾಡಿಕೊಂಡು ಬೇರೆಯಾದ ಅಣ್ಣತಮ್ಮಂದಿರಂತೆ, ಒಬ್ಬ ದಿವಾಳಿಯೆದ್ದರೆ ಇನ್ನೊಬ್ಬನ ಮನೆಯಲ್ಲಿ ಒಲೆ ಉರಿಯುತ್ತದೆ. ಈ ಏರ್ಪಾಟು ಇಲ್ಲದ ಹಳೆಯ ಕಾಲದ ಗಾಡಿಗಳಲ್ಲಿ ಒಂದು ಕಡೆ ಸೋರಿತೆಂದರೆ ನಾಲ್ಕು ಚಕ್ರಗಳೂ ಕೈಬಿಟ್ಟಂತೆಯೇ.

ಆಯಿಲಿನ ಡಬ್ಬಿಯಲ್ಲಿ ಒಂದು ತೇಲುಬೆಂಡು ಇರುತ್ತದೆ. ಮಟ್ಟ ಇಳಿದಾಗ ಅದು ಇಳಿದು ದೀಪ ಹತ್ತಿಸುತ್ತದೆ. ತಿರುವಿನಲ್ಲಿ ಆಯಿಲ್ ಒಂದು ಪಕ್ಕಕ್ಕೆ ಓಲಾಡುವುದರಿಂದಲೇ ದೀಪ ಮಿಟುಕಿಸುತ್ತಿದ್ದದ್ದು. ಮಟ್ಟ ಇಳಿಯಲು ಎರಡು ಕಾರಣವುಂಟು. ಮುಂದಿನ ಚಕ್ರದ ಪ್ಯಾಡುಗಳು ಸವೆದಂತೆಲ್ಲ ಅಲ್ಲಿನ ಪಿಸ್ಟನ್ನು ಮುಂದಕ್ಕೆ ಬಂದು, ಆ ಜಾಗವನ್ನು ತುಂಬಲು ಆಯಿಲ್ ಇಳಿಯುತ್ತದೆ. ಅದು ತಿಂಗಳುಗಟ್ಟಲೆಯ ವ್ಯವಹಾರ. ಆಗ ಮೇಲಿನಿಂದ ಸುರಿದರೆ ಸವೆದ ಪ್ಯಾಡಿನ ಸುದ್ದಿ ಮುಚ್ಚಿಹೋಗುತ್ತದೆ. ಮೂರು ವಾರದಲ್ಲಿ ಮೂರು ಸಲ ಇಳಿಯಿತೆಂದರೆ ಅದು ಸೋರಿಕೆಯೇ, ಬೇರೆ ಮಾತಿಲ್ಲ. ಸೋರುವ ಕಡೆಯೂ ಹಲವು: ಚಕ್ರದ ಒಳಮೈ, ಚಕ್ರಕ್ಕೆ ಹೋಗುವ ರಬ್ಬರು ಪೈಪು, ತುಕ್ಕು ಹಿಡಿದ ಕಬ್ಬಿಣದ ಪೈಪು, ಪೆಡಲಿನ ಹಿಂದಿನ ಮಾಸ್ಟರ್ ಸಿಲಿಂಡರು. ಡಬ್ಬಿ ತುಂಬಿದ್ದು, ಹ್ಯಾಂಡ್‌ಬ್ರೇಕಿನ ಗುಂಡಿಯೂ ಸರಿಯಿದ್ದು, ಆದರೂ ದೀಪ ಹತ್ತಿದರೆ ತೇಲುಬೆಂಡಿನ ತಂತಿ ನೋಡಬೇಕು. ಕೆಲವು ಗಾಡಿಗಳಲ್ಲಿ ಬ್ಯಾಟರಿಗೆ ಕರೆಂಟು ತುಂಬುವ ಆಲ್ಟರ್ನೇಟರ್ ಕೆಟ್ಟರೂ ಬ್ಯ್ರಾಟರಿಯ ದೀಪದ ಜೊತೆ ಬ್ರೇಕಿನ ದೀಪವೂ ಮಂಕಾಗಿ ಉರಿಯುತ್ತದಂತೆ.

ದೀಪವೇ ಹತ್ತದಿದ್ದರೆ? ಆ ಪ್ರಶ್ನೆಗೆ ಮಿಸ್ತ್ರಿ ನಕ್ಕ. ಬೀಗದ ಕೈ ತಿರುಗಿಸಿದಾಗ, ಇಂಜಿನ್ ಶುರುವಾಗುವ ಮೊದಲು, ದೀಪ ಒಮ್ಮೆ ಹತ್ತಲೇಬೇಕು. ಹ್ಯಾಂಡ್‌ಬ್ರೇಕ್ ಎಳೆದಾಗಲೂ ಹತ್ತಬೇಕು. ಹತ್ತದಿದ್ದರೆ ಬಲ್ಬು ಹೋಗಿದೆ, ಇಲ್ಲವೇ ಯಾರೋ ತೆಗೆದಿದ್ದಾರೆ. ಹಳೆಯ ಗಾಡಿ ಮಾರುವವರು ಆ ಕೆಲಸ ಮಾಡುವುದುಂಟಂತೆ. ನಮ್ಮ ಗಾಡಿಯ ಹಿಂದಿನ ಧಣಿ ಅಷ್ಟು ಪಾಪ ಮಾಡಿರಲಿಲ್ಲ. ದೀಪ ಇತ್ತು, ಹತ್ತಿತು, ಮಗು ನೋಡಿ ಹೇಳಿತು.

ಸೋಮವಾರ ಅರ್ಧ ದಿನ ರಜೆ ಹಾಕಿ ನಾವು ಮೆಟ್ರೋ ಹತ್ತಿದೆವು. ಹೌಜ್ ಖಾಸಿನಲ್ಲಿ ಬದಲಾಯಿಸಿ ಕಾಶ್ಮೀರಿ ಗೇಟಿಗೆ. ಗಾಡಿಯ ಬಿಡಿಭಾಗಗಳಿಗೆ ದೆಹಲಿಯಲ್ಲಿ ಆ ಪೇಟೆಯೇ ಪೇಟೆ. ಗಲ್ಲಿಗಲ್ಲಿಯಲ್ಲಿ ಗೇರು, ಪೈಪು, ಪಿಸ್ಟನ್ನುಗಳು ತರಕಾರಿಯಂತೆ ಜೋಡಿಸಿಟ್ಟಿರುತ್ತವೆ. ಅಂಗಡಿಯವನು ಮೊದಲು ಕೇಳಿದ್ದು “ಅಸಲಿಯೋ, ಡುಪ್ಲಿಕೇಟೋ?” ಎಂದು. ಇಷ್ಟು ಪ್ರಾಮಾಣಿಕವಾಗಿ ಕೇಳುವವರನ್ನು ನಾವು ಕಛೇರಿಯಲ್ಲಿ ಕಂಡಿಲ್ಲ. ಅಸಲಿ ವೀಲ್ ಸಿಲಿಂಡರು ಎರಡು ಕೊಂಡೆವು, ಏಕೆಂದರೆ ಎಡಗಡೆಯದು ಹೋದ ಮೇಲೆ ಅದೇ ವಯಸ್ಸಿನ ಬಲಗಡೆಯದನ್ನು ನಂಬುವಂತಿಲ್ಲ. ಎರಡು ಕಡೆಗೂ ಲೆದರ್. ಸೀಲು ಒಡೆಯದ ಬ್ರೇಕ್ ಆಯಿಲ್ ಬಾಟಲಿ.

ಬಾಟಲಿಯ ವಿಷಯ ಸ್ವಲ್ಪ ಹೇಳಬೇಕು. ಭಾವ ಅದುವರೆಗೆ ಸುರಿದದ್ದು ಹಿಂದಿನ ವರ್ಷ ತೆರೆದಿಟ್ಟಿದ್ದ ಬಾಟಲಿಯಿಂದ, ಅದೂ ಇಡ್ಲಿ ಅಟ್ಟದ ಪಕ್ಕದ ಗೂಡಿನಲ್ಲಿ ಇಟ್ಟದ್ದು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಹೊಸ ಡಾಟ್ 3 ಆಯಿಲ್ ಕುದಿಯಲು ಕನಿಷ್ಠ 205 ಡಿಗ್ರಿ ಬೇಕು. ತೇವ ಹೀರಿದ ಮೇಲೆ 140ಕ್ಕೇ ಕುದಿಯಬಹುದು. ಡಾಟ್ 4 ಆದರೆ 230 ಇದ್ದದ್ದು 155. ಭಾರ ಹೊತ್ತು ಇಳಿಜಾರಿನಲ್ಲಿ ಬ್ರೇಕು ಕಾದಾಗ ಆಯಿಲ್ ಕುದಿದು ಆವಿಯಾದರೆ, ಆವಿ ಒತ್ತಿದಷ್ಟೂ ಕುಗ್ಗುತ್ತದೆ, ಬ್ರೇಕಿಗೆ ಒತ್ತಡವೇ ಹೋಗುವುದಿಲ್ಲ. ಅದಕ್ಕೇ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಆಯಿಲನ್ನೇ ಬದಲಾಯಿಸುವುದು. ಭಾವನ ಇಡ್ಲಿಯ ಹಬೆ ಎಷ್ಟು ಬಾಟಲಿಯೊಳಗೆ ಸೇರಿತ್ತೋ! ಇನ್ನೊಂದು ಮಾತು: ಹೆಸರಿಗೆ ಆಯಿಲ್ ಎಂದರೂ ಇದು ಇಂಜಿನ್ ಆಯಿಲ್ ಅಲ್ಲ, ಅದನ್ನು ತಪ್ಪಿಯೂ ಈ ಡಬ್ಬಿಗೆ ಹಾಕಬಾರದು, ಒಳಗಿನ ರಬ್ಬರೆಲ್ಲ ಊದಿಕೊಳ್ಳುತ್ತದೆ.

ಅಂದು ರಾತ್ರಿ ಹವಾ ತೆಗೆಯುವ ಕೆಲಸ. ಪೈಪು ಬಿಚ್ಚಿದಾಗ ಒಳಗೆ ಸೇರಿದ ಗಾಳಿಯನ್ನು ಹೊರಗೆ ಹಾಕಬೇಕು. ನಾವು ಪೆಡಲಿನ ಬಳಿ, ಮಿಸ್ತ್ರಿ ಚಕ್ರದ ಬಳಿ, ಭಾವ ಡಬ್ಬಿಗೆ ಆಯಿಲ್ ಹುಯ್ಯುತ್ತ ನಮ್ಮ ಕಿಟಕಿಯ ಪಕ್ಕ. ಅತ್ಯಂತ ದೂರದ ಚಕ್ರದಿಂದ ಆರಂಭ: ಎಡ ಹಿಂದಿನದು, ಬಲ ಹಿಂದಿನದು, ಎಡ ಮುಂದಿನದು, ಕೊನೆಗೆ ಬಲ ಮುಂದಿನದು. “ದಬಾವೋ” ಎಂದಾಗ ಒತ್ತಿ ಹಿಡಿಯಬೇಕು. ಮಿಸ್ತ್ರಿ ತಿರುಪು ಸಡಿಲಿಸಿ, ಗುಳ್ಳೆ ಹೊರಬಂದ ಮೇಲೆ ಬಿಗಿದು “ಛೋಡೋ” ಎನ್ನುವವರೆಗೆ ಕಾಲು ತೆಗೆಯಕೂಡದು. ತೆಗೆದರೆ ಗಾಳಿ ಮತ್ತೆ ಒಳಗೆ ಹೋಗುತ್ತದೆ. ಮೊದಲು ಬಂದ ಹಳೆಯ ಆಯಿಲ್ ಕಾಫಿಯ ಡಿಕಾಕ್ಷನ್ ಬಣ್ಣದ್ದು, ಬರಬರುತ್ತ ತಿಳಿಯಾಯಿತು.

ಆ ಕತ್ತಲೆಯಲ್ಲಿ, ಕಾಲು ಪೆಡಲಿನ ಮೇಲಿರುವಾಗ, ಭಾವನಿಗೆ ಹೇಳಿದೆವು. ಪುಸ್ತಕದಲ್ಲಿ ಎರಡು ಮಾತಿತ್ತು, ನಾವು ಒಂದನ್ನೇ ಹೇಳಿದೆವು ಎಂದು.

ಭಾವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಡಬ್ಬಿಗೆ ಆಯಿಲ್ ಹುಯ್ದರು, ಬಟ್ಟೆಯಿಂದ ಬಣ್ಣದ ಮೇಲೆ ಬಿದ್ದ ಹನಿ ಒರಸಿದರು.

“ನಾನೇನು ಚಿಕ್ಕ ಮಗುವಾ ಭಾವ? ಮೂರು ಸಲ ಸುರಿದವನಿಗೆ ಎಲ್ಲೋ ತೂತಿದೆ ಅಂತ ಗೊತ್ತಾಗೋದಿಲ್ವಾ? ನೀವು ಹೇಳಿದ್ದರೆ ಕೇಳಬೇಕಾಗ್ತಿತ್ತು. ಹೇಳದೆ ಇದ್ದದ್ದು ನನಗೂ ಅನುಕೂಲವೇ ಆಗಿತ್ತು.”

“ದಬಾವೋ ಬಾಬೂಜಿ!” ಎಂದು ಮಿಸ್ತ್ರಿ ಕೂಗಿದ. ಒತ್ತಿದೆವು. ಪೆಡಲು ಈ ಸಲ ಅರ್ಧಕ್ಕೇ ಕಲ್ಲಿನಂತೆ ನಿಂತಿತು.

ಸಾಮಾನು, ಮಜೂರಿ, ಕ್ರೇನು ಎಲ್ಲ ಸೇರಿ ಐದು ಸಾವಿರದ ಚಿಲ್ಲರೆ ಆಯಿತು. ಅರ್ಧ ನಾವು ಕೊಡಲು ಹೋದೆವು, ಭಾವ ತೆಗೆದುಕೊಳ್ಳಲಿಲ್ಲ. ಈಗ ಪ್ರತಿ ತಿಂಗಳ ಮೊದಲ ಭಾನುವಾರ ಬಾನೆಟ್ ತೆರೆದು ಡಬ್ಬಿಯ ಗೆರೆ ನೋಡುವುದು ನಮ್ಮ ಪಾಲಿನ ಕೆಲಸ. ಬೀಗದ ಕೈ ತಿರುಗಿಸಿದಾಗ ದೀಪ ನೋಡುವುದು ಮಗಳ ಕೆಲಸ. “ಬಂತು” ಎನ್ನುತ್ತಾಳೆ. ಹ್ಯಾಂಡ್‌ಬ್ರೇಕ್ ಇಳಿಸಿ, ದೀಪ ಆರಿ, ಅವಳು “ಹೋಯ್ತು” ಎನ್ನುವವರೆಗೆ ಭಾವ ಗೇರು ಹಾಕುವುದಿಲ್ಲ.

ರಾಮನವಮಿಯ ದಿನ ದ್ವಾರಕಾದಲ್ಲಿ ನಮ್ಮಾಕೆ ಮಗಳ ತುಟಿ ನೋಡಿ ಏನಾಯಿತೆಂದು ಕೇಳಿದ್ದರು. “ಗಾಡಿ ಸ್ವಲ್ಪ ಕುಲುಕಿತು” ಎಂದು ನಾವು ಹೇಳಿದ್ದೆವು. ಭಾವನೂ ತಲೆಯಾಡಿಸಿದ್ದರು, ಮಗಳು ಪಾಯಸ ಕುಡಿಯುತ್ತಿದ್ದಳು. ಇದುವರೆಗೆ ಅಷ್ಟೇ ಅವರಿಗೆ ಗೊತ್ತಿರುವುದು. ಈ ಪತ್ರಿಕೆ ನಮ್ಮ ಮನೆಗೆ ಅಂಚೆಯಲ್ಲಿ ಬರುತ್ತದೆ, ನಾವು ಕಛೇರಿಯಲ್ಲಿರುವ ಹೊತ್ತಿಗೆ. ಸುತ್ತಿದ ಕಾಗದ ಬಿಡಿಸಿ ಮೊದಲು ಓದುವವರು ಅವರೇ.